ಎಲುಬು ಅಳೆದು ತಳಿ ಹೇಳಬಹುದಾ? ದೇವನಾರ್ ವಿಡಿಯೊಗೆ ಒಂದು ತಿದ್ದುಪಡಿ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಎಂದಿನಂತೆ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಾಯಿತಪ್ಪಿದ್ದನ್ನು ಸರಿಮಾಡಿ, ಒಂದೆರಡು ಲೆಕ್ಕಗಳನ್ನು ಬಿಡಿಸಿ ಬರೆದಿದ್ದೇನೆ.

ಈ ಸಲ ಶುರುವಾಗೋದು ನನ್ನದೇ ಒಂದು ತಪ್ಪಿನಿಂದ. ಬಕ್ರೀದ್ ಹೊತ್ತಿಗೆ ದೇವನಾರ್ ಆಡಿನ ಸಂತೆಯ ಬಗ್ಗೆ ಒಂದು ವಿಡಿಯೊ ಮಾಡಿದ್ದೆನಲ್ಲ, ಅದರ ಕೊನೆಯಲ್ಲಿ ಮೇಜಿನ ಮೇಲೆ ಎರಡು ಎಲುಬು ಇಟ್ಟು ತೋರಿಸಿದ್ದೆ. ಒಂದು ಉದ್ದ, ಇನ್ನೊಂದು ಅದಕ್ಕಿಂತ ಸ್ವಲ್ಪ ಗಿಡ್ಡ. "ನೋಡಿ, ಉದ್ದ ಇರೋದು ರಾಜಸ್ಥಾನದ ಸಿರೋಹಿ, ಗಿಡ್ಡ ಇರೋದು ನಮ್ಮ ಉಸ್ಮಾನಾಬಾದಿ. ತಳಿ ಅನ್ನೋದು ಎಲುಬಿನಲ್ಲೇ ಬರೆದಿರುತ್ತೆ" ಅಂತ ಭಾರಿ ಗತ್ತಿನಿಂದ ಹೇಳಿದೆ. ತುಂಬಾ ಜನ ಇಷ್ಟಪಟ್ಟರು. ನನಗೂ ಖುಷಿಯಾಗಿತ್ತು.

ಮೂರನೇ ದಿನ ಡೊಂಬಿವಲಿಯ ಒಬ್ಬ ನಿವೃತ್ತ ಪಶುವೈದ್ಯರು ನಾಲ್ಕೇ ಪ್ರಶ್ನೆ ಬರೆದು ಕಳಿಸಿದರು. ಎರಡೂ ಮುಂಗಾಲಿನ ಎಲುಬೇನಾ? ಎಲುಬಿನ ಕೆಳತುದಿ ಎಲ್ಲಿ ಹೋಯ್ತು? ಎರಡೂ ಆಡೇ ಅಂತ ಹೇಗೆ ಗೊತ್ತಾಯ್ತು? ಗಂಡೋ, ಹೆಣ್ಣೋ, ಖಸ್ಸಿಯೋ?

ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಡಬ್ಬಿಯಿಂದ ಎಲುಬು ಹೊರಗೆ ತೆಗೆದು ಮತ್ತೆ ನೋಡಿದೆ. ಮೊದಲನೇ ಪ್ರಶ್ನೆಗೇ ನಾನು ಬಿದ್ದೆ. ಉದ್ದ ಇದ್ದದ್ದು ಹಿಂಗಾಲು, ಗಿಡ್ಡ ಇದ್ದದ್ದು ಮುಂಗಾಲು. ಅಂದರೆ ನಾನು ಎರಡು ತಳಿ ಅಂದುಕೊಂಡದ್ದು ಒಂದೇ ಆಡಿನ ಹಿಂದಿನ ಕಾಲು ಮತ್ತು ಮುಂದಿನ ಕಾಲು ಇದ್ದರೂ ಇರಬಹುದು!

ಹಾಗಾಗಿ ಇವತ್ತು ಡಾಕ್ಟ್ರ ಆ ನಾಲ್ಕು ಪ್ರಶ್ನೆಗಳನ್ನೇ ಒಂದೊಂದಾಗಿ ಹಿಡಿದು ಹೋಗೋಣ. ಎಲುಬು ಅಳೆದು ತಳಿಗಳ ವ್ಯತ್ಯಾಸ ಹೇಳೋ ಕೆಲಸ ನಿಜಕ್ಕೂ ಇದೆ, ಗಂಭೀರವಾದ ಕೆಲಸ. ಆದರೆ ಅದರಲ್ಲಿ ತಳಿ ಅನ್ನೋದು ಮೊದಲ ಉತ್ತರ ಅಲ್ಲ, ಕಟ್ಟಕಡೆಯ ಉತ್ತರ.

ಯಾವ ಎಲುಬು, ಯಾಕೆ?

ಪಾಯಾ ತಿಂದವರಿಗೆಲ್ಲ ಈ ಎಲುಬು ಪರಿಚಯ. ನಮ್ಮ ಕಡೆ ಕಾಲು ಸೂಪು ಅಂತೀವಲ್ಲ, ಅದರಲ್ಲಿ ಬರೋ ಉದ್ದನೆಯ ಎಲುಬು. ಆಡಿನ ಮುಂಗಾಲಿನಲ್ಲಿ ನಾವು ಮಂಡಿ ಅಂತ ಕರೆಯೋ ಗಂಟು ನಿಜವಾಗಿ ಅದರ ಮಣಿಕಟ್ಟು. ಅಲ್ಲಿಂದ ಕೆಳಗೆ ಗೊರಸಿನ ಗಂಟಿನವರೆಗೆ ಇರೋದು ನಮ್ಮ ಅಂಗೈ ಎಲುಬಿಗೆ ಸಮಾನವಾದದ್ದು. ಎರಡು ಎಲುಬು ಒಂದಾಗಿ ಬೆಸೆದುಕೊಂಡು ಒಂದೇ ಕೋಲಿನಂತಾಗಿರುತ್ತದೆ. ಇದಕ್ಕೆ ಮೆಟಕಾರ್ಪಲ್ ಅಂತ ಹೆಸರು. ಹಿಂಗಾಲಿನಲ್ಲಿ ಇದೇ ಜಾಗದ ಎಲುಬು ಮೆಟಟಾರ್ಸಲ್.

ಅಳತೆಗಾರರಿಗೆ ಇದು ಯಾಕೆ ಪ್ರೀತಿ ಅಂದ್ರೆ, ಇದರ ಮೇಲೆ ಮಾಂಸ ಇಲ್ಲ. ಹಾಗಾಗಿ ಕಡಿಯುವವರು ಇದನ್ನು ಬೇಗ ಕತ್ತರಿಸಿ ಒಂದು ಕಡೆ ಹಾಕುತ್ತಾರೆ, ಇಡೀ ಎಲುಬು ಉಳಿಯುವ ಸಾಧ್ಯತೆ ಹೆಚ್ಚು. ಗಟ್ಟಿಯಾಗಿರೋದರಿಂದ ಮಣ್ಣಿನಲ್ಲೂ ಬಾಳುತ್ತದೆ. ಪ್ರಾಣಿಯ ಎತ್ತರ, ಭಾರ ಎರಡರ ಗುರುತೂ ಇದರಲ್ಲಿ ಉಳಿಯುತ್ತದೆ.

ಮುಂಗಾಲು, ಹಿಂಗಾಲು ಬೇರೆ ಮಾಡೋದು ಸುಲಭ, ನಾನು ಮಾಡಲಿಲ್ಲ ಅಷ್ಟೇ. ನಡುಭಾಗವನ್ನು ಅಡ್ಡ ಕೊಯ್ದಂತೆ ಊಹಿಸಿಕೊಳ್ಳಿ. ಮುಂಗಾಲಿನದು ಮುಂದೆ ದುಂಡಗೆ, ಹಿಂದೆ ಚಪ್ಪಟೆ, ಅರ್ಧಚಂದ್ರದ ಹಾಗೆ. ಹಿಂಗಾಲಿನದು ಹೆಚ್ಚುಕಮ್ಮಿ ಚೌಕ, ಮತ್ತೆ ಅದು ಮುಂಗಾಲಿಗಿಂತ ಉದ್ದ. ಎಷ್ಟು ಉದ್ದ ಅನ್ನೋದನ್ನು ಮುಂದೆ ಲೆಕ್ಕ ಹಾಕಿ ತೋರಿಸ್ತೀನಿ.

ತುದಿ ಎಲ್ಲಿ ಹೋಯ್ತು?

ಎರಡನೇ ಪ್ರಶ್ನೆ. ಎಳೆಯ ಪ್ರಾಣಿಯ ಉದ್ದ ಎಲುಬುಗಳ ತುದಿ ಬೇರೆ ತುಂಡಾಗಿರುತ್ತದೆ. ತುದಿಗೂ ನಡುಭಾಗಕ್ಕೂ ಮಧ್ಯೆ ಮೆದು ಎಲುಬಿನ ಒಂದು ಪದರ ಇದ್ದು, ಎಲುಬು ಬೆಳೆಯೋದು ಅಲ್ಲಿಂದಲೇ. ಬೆಳವಣಿಗೆ ಮುಗಿದ ಮೇಲೆ ಆ ಪದರ ಗಟ್ಟಿಯಾಗಿ ತುದಿ ಕೂಡಿಕೊಳ್ಳುತ್ತದೆ. ಕುರಿ, ಆಡುಗಳ ಮೆಟಕಾರ್ಪಲ್‌ನ ಕೆಳತುದಿ ಕೂಡಿಕೊಳ್ಳೋಕೆ ಒಂದೂವರೆ ಎರಡು ವರ್ಷ ದಾಟಬೇಕು. ಆಡಿನಲ್ಲಿ ಇನ್ನೂ ತಡವಾಗೋದೂ ಉಂಟು. ದನಗಳಲ್ಲಿ ಸುಮಾರು ಎರಡರಿಂದ ಎರಡೂವರೆ ವರ್ಷ.

ಈಗ ದೇವನಾರ್ ಸಂತೆಗೆ ಬನ್ನಿ. ಅಲ್ಲಿ ಆಡು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ನೋಡುತ್ತಾರೆ. "ದೋ ದಾಂತ್ ಹೈ ಕ್ಯಾ?" ಹಾಲು ಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ತುಂಬಿದೆ ಅಂತ ಲೆಕ್ಕ. ಅಂದರೆ ಸಂತೆಯಲ್ಲಿ ಬಿಕರಿಯಾಗುವ ಎಷ್ಟೋ ಆಡುಗಳ ಕಾಲೆಲುಬಿನ ತುದಿ ಇನ್ನೂ ಕೂಡಿಕೊಂಡಿರುವುದಿಲ್ಲ. ಆ ಎಲುಬನ್ನು ಪಾಯಾಕ್ಕೆ ಹಾಕಿ ರಾತ್ರಿಯಿಡೀ ಕುದಿಸಿದರೆ ತುದಿ ಟೊಪ್ಪಿಗೆ ಕಳಚಿದ ಹಾಗೆ ಉದುರುತ್ತದೆ. ನಾನು ವಿಡಿಯೊದಲ್ಲಿ ತೋರಿಸಿದ್ದು ಅಂಥ ತುದಿಯಿಲ್ಲದ ಎಲುಬುಗಳನ್ನು! ಬೆಳೆಯುತ್ತಿರುವ ಹುಡುಗನ ಎತ್ತರ ಅಳೆದು ಅವನ ವಂಶದ ಎತ್ತರ ಹೇಳಿದ ಹಾಗಾಯ್ತು.

ಅದಕ್ಕೇ ಅಳತೆಯ ಮೊದಲ ನಿಯಮ ಇದು: ತುದಿ ಕೂಡಿಕೊಳ್ಳದ ಎಲುಬಿನ ಉದ್ದವನ್ನು ತಳಿ ಹೋಲಿಕೆಗೆ ಬಳಸುವಂತಿಲ್ಲ.

ಕುರಿಯೋ, ಆಡೋ?

ಮುಂಬಯಿಯಲ್ಲಿ ಮಟನ್ ಅಂದರೆ ಹೆಚ್ಚಾಗಿ ಬಕರಿ, ಅಂದರೆ ಆಡು. ಆದರೆ ಅಂಗಡಿಯಲ್ಲಿ ಕುರಿಯೂ ಬರುತ್ತದೆ. ಚರ್ಮ ಸುಲಿದ ಮೇಲೆ ಕುರಿ, ಆಡುಗಳ ಎಲುಬು ಎಷ್ಟು ಹೋಲುತ್ತವೆ ಅಂದರೆ, ಉತ್ಖನನದ ವರದಿಗಳಲ್ಲಿ ಎಷ್ಟೋ ಸಲ "ಕುರಿ/ಆಡು" ಅಂತ ಒಟ್ಟಿಗೇ ಬರೆದುಬಿಡುತ್ತಾರೆ.

ಮೆಟಕಾರ್ಪಲ್‌ನಲ್ಲಿ ಒಂದು ಗುರುತಿದೆ. ಕೆಳತುದಿಯಲ್ಲಿ ಎರಡು ಗಾಲಿಗಳಂಥ ಭಾಗ ಇರುತ್ತದೆ. ಪ್ರತಿ ಗಾಲಿಯ ನಡುವೆ ಒಂದು ಏಣು. ಆ ಏಣಿನಿಂದ ಹೊರಬದಿಗೆ ಇರುವ ಭಾಗ ಆಡಿನಲ್ಲಿ ತೀರಾ ಸಣ್ಣದು, ಕುರಿಯಲ್ಲಿ ಅಷ್ಟು ಸಣ್ಣದಲ್ಲ. ಜೊತೆಗೆ ಒಟ್ಟು ಎಲುಬು ಆಡಿನಲ್ಲಿ ಗಿಡ್ಡ-ದಪ್ಪ, ಕುರಿಯಲ್ಲಿ ತೆಳ್ಳಗೆ ಉದ್ದ. ಜರ್ಮನಿಯ ಬೋಸ್ನೆಕ್, ಇಂಗ್ಲೆಂಡಿನ ಸೆಬಾಸ್ಟಿಯನ್ ಪೇನ್ ಇಬ್ಬರೂ 1969ರಲ್ಲಿ ಈ ಗುರುತುಗಳ ಬಗ್ಗೆ ಬರೆದರು. ಈಗ ಎಲುಬಿನೊಳಗಿನ ಕೊಲಾಜನ್ ಪ್ರೋಟೀನ್ ಪರೀಕ್ಷೆಯಿಂದಲೂ ಕುರಿ, ಆಡು ಬೇರೆ ಮಾಡಬಹುದು.

ಇದು ಯಾಕೆ ಇಷ್ಟು ಮುಖ್ಯ? ಒಂದು ಸಣ್ಣ ಲೆಕ್ಕ ಮಾಡೋಣ. ಎಲುಬಿನ ಉದ್ದದಿಂದ ಪ್ರಾಣಿಯ ಹೆಗಲಿನ ಎತ್ತರ ಅಂದಾಜು ಮಾಡಲು ಗುಣಕಗಳಿವೆ. ಆಡಿನ ಮೆಟಕಾರ್ಪಲ್‌ಗೆ ಶ್ರಾಮ್ ಕೊಟ್ಟ ಗುಣಕ 5.75. ಕುರಿಯದಕ್ಕೆ ಟೈಶರ್ಟ್ ಕೊಟ್ಟದ್ದು 4.89. ನಿಮ್ಮ ಕೈಯಲ್ಲಿ 120 ಮಿ.ಮೀ. ಉದ್ದದ ಎಲುಬು ಇದೆ ಅಂತ ಇಟ್ಟುಕೊಳ್ಳಿ. ಆಡು ಅಂದುಕೊಂಡರೆ 120ನ್ನು 5.75ರಿಂದ ಗುಣಿಸಿ, 690 ಮಿ.ಮೀ., ಅಂದರೆ 69 ಸೆಂ.ಮೀ. ಎತ್ತರ. ಕುರಿ ಅಂದುಕೊಂಡರೆ 4.89ರಿಂದ ಗುಣಿಸಿ, ಸುಮಾರು 59 ಸೆಂ.ಮೀ. ಎಲುಬು ಅದೇ, ಉತ್ತರದಲ್ಲಿ 10 ಸೆಂ.ಮೀ. ವ್ಯತ್ಯಾಸ. ತಳಿ ತಳಿಗಳ ನಡುವಿನ ವ್ಯತ್ಯಾಸವೇ ಎಷ್ಟೋ ಸಲ ಇಷ್ಟಿರುವುದಿಲ್ಲ.

ಮುಂಗಾಲು, ಹಿಂಗಾಲಿನ ನನ್ನ ತಪ್ಪನ್ನೂ ಇದೇ ಲೆಕ್ಕದಲ್ಲಿ ನೋಡಿ. ಆಡಿನ ಹಿಂಗಾಲಿನ ಎಲುಬಿಗೆ ಗುಣಕ 5.34. ಅದೇ 69 ಸೆಂ.ಮೀ. ಎತ್ತರದ ಆಡಿಗೆ ಹಿಂಗಾಲಿನ ಎಲುಬು 690 ಭಾಗಿಸು 5.34, ಅಂದರೆ ಸುಮಾರು 129 ಮಿ.ಮೀ. ಬರಬೇಕು. ಮುಂಗಾಲಿನದು 120, ಹಿಂಗಾಲಿನದು 129. ಆ 9 ಮಿಲಿಮೀಟರಿನ ಮೇಲೆ ನಾನು ರಾಜಸ್ಥಾನ ಮತ್ತು ಮರಾಠವಾಡವನ್ನು ನಿಲ್ಲಿಸಿಬಿಟ್ಟಿದ್ದೆ.

ಅಳೆಯೋದು ಹೇಗೆ?

ಕೊನೆಯ ಪ್ರಶ್ನೆಗೆ ಹೋಗೋ ಮುಂಚೆ ಅಳೆಯೋ ಕ್ರಮ ಹೇಳಿಬಿಡ್ತೀನಿ. ನಾಗದೇವಿ ಗಲ್ಲಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗೋ ಸಾಧಾರಣ ವರ್ನಿಯರ್ ಕ್ಯಾಲಿಪರ್ ಸಾಕು. ಆದರೆ ಎಲ್ಲಿಂದ ಎಲ್ಲಿಗೆ ಹಿಡಿಯಬೇಕು ಅನ್ನೋದು ಪ್ರಪಂಚಕ್ಕೆಲ್ಲ ಒಂದೇ ಆಗಿರಬೇಕು. ಇಲ್ಲಾಂದ್ರೆ ನನ್ನ ಅಳತೆಯನ್ನು ನಿಮ್ಮದರ ಪಕ್ಕ ಇಡೋಕಾಗಲ್ಲ. ಆ ಕೆಲಸ ಮಾಡಿದವರು ಜರ್ಮನಿಯ ಆಂಗೆಲಾ ಫಾನ್ ಡೆನ್ ಡ್ರೀಶ್. 1976ರಲ್ಲಿ ಹಾರ್ವರ್ಡ್‌ನ ಪೀಬಾಡಿ ವಸ್ತುಸಂಗ್ರಹಾಲಯ ಪ್ರಕಟಿಸಿದ ಅವರ ಕೈಪಿಡಿ ಇವತ್ತಿಗೂ ಈ ಕ್ಷೇತ್ರದವರ ಮೇಜಿನ ಮೇಲಿರುತ್ತದೆ.

ಮೆಟಕಾರ್ಪಲ್‌ಗೆ ಮುಖ್ಯವಾಗಿ ನಾಲ್ಕು ಅಳತೆ. ಒಂದು, ತುದಿಯಿಂದ ತುದಿಗೆ ಗರಿಷ್ಠ ಉದ್ದ. ಎರಡು, ಮೇಲ್ತುದಿಯ ಅಗಲ. ಮೂರು, ನಡುಭಾಗ ಎಲ್ಲಿ ಅತಿ ತೆಳ್ಳಗಿದೆಯೋ ಅಲ್ಲಿನ ಅಗಲ. ನಾಲ್ಕು, ಕೆಳತುದಿಯ ಅಗಲ. ಒಂದೇ ಎಲುಬನ್ನು ಮೂರು ಬೇರೆ ಬೇರೆ ದಿನ, ಹಿಂದಿನ ಅಂಕಿ ನೋಡದೆ ಅಳೆಯಿರಿ. ಮೂರರಲ್ಲೂ ಬರೋ ಹೆಚ್ಚುಕಮ್ಮಿಯೇ ನಿಮ್ಮ ಕೈಯ ತಪ್ಪು. ಅದು ತಿಳಿಯದೆ ಅರ್ಧ ಮಿಲಿಮೀಟರ್ ವ್ಯತ್ಯಾಸದ ಮೇಲೆ ವಾದ ಕಟ್ಟಬಾರದು. ಮಟನ್ ಅಂಗಡಿಯ ಭಾಯ್‌ಗೆ ಮೊದಲೇ ಹೇಳಿ, ಎಲುಬನ್ನು ನಡುವೆ ಹೊಡೀಬೇಡಿ ಅಂತ. ಅವರು ನಿಮ್ಮನ್ನು ವಿಚಿತ್ರವಾಗಿ ನೋಡ್ತಾರೆ, ಪರವಾಗಿಲ್ಲ.

ಉದ್ದ ಒಂದೇ ಸಾಲದು ಅನ್ನೋದಕ್ಕೆ ಇನ್ನೊಂದು ಲೆಕ್ಕ. 120 ಮಿ.ಮೀ. ಉದ್ದದ ಎರಡು ಎಲುಬು. ಒಂದರ ನಡು 14 ಮಿ.ಮೀ., ಇನ್ನೊಂದರದು 18. ನಡುವಿನ ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸಿ. ಮೊದಲನೆಯದಕ್ಕೆ 11.7, ಎರಡನೆಯದಕ್ಕೆ 15. ಎರಡೂ ಒಂದೇ ಎತ್ತರದ ಪ್ರಾಣಿ, ಆದರೆ ಒಂದು ಸಣಕಲು, ಇನ್ನೊಂದು ಗಟ್ಟಿಮುಟ್ಟು. ಇದನ್ನು ತೆಳುತನದ ಸೂಚ್ಯಂಕ ಅನ್ನಬಹುದು. ತಳಿ ಹೋಲಿಕೆಯಲ್ಲಿ ಬರೀ ಉದ್ದಕ್ಕಿಂತ ಈ ಅನುಪಾತ ಹೆಚ್ಚು ಮಾತಾಡುತ್ತದೆ.

ಗಂಡೋ, ಹೆಣ್ಣೋ, ಖಸ್ಸಿಯೋ?

ಆದರೆ ಆ ಅನುಪಾತವೂ ತಳಿಗಿಂತ ಮೊದಲು ಲಿಂಗವನ್ನು ಹೇಳುತ್ತದೆ. ಹೋತದ ಭಾರ ಹೆಚ್ಚು, ಆದ್ದರಿಂದ ಎಲುಬು ಅಗಲ. ಹೆಣ್ಣಾಡಿನದು ತೆಳು. ಬೀಜ ಒಡೆಸಿದ ಖಸ್ಸಿಯ ಕತೆ ಬೇರೆಯೇ. ಗಂಡು ಹಾರ್ಮೋನು ಕಡಿಮೆಯಾದಾಗ ಎಲುಬಿನ ತುದಿ ಕೂಡಿಕೊಳ್ಳೋದು ತಡವಾಗುತ್ತದೆ. ತಡವಾದಷ್ಟೂ ಎಲುಬು ಬೆಳೆಯುತ್ತಾ ಹೋಗುತ್ತದೆ. ಹಾಗಾಗಿ ಎಳೆಯದರಲ್ಲೇ ಬೀಜ ಒಡೆಸಿದ ಪ್ರಾಣಿಯ ಕಾಲು ಅದರ ಅಣ್ಣತಮ್ಮಂದಿರ ಕಾಲಿಗಿಂತ ಉದ್ದವಾಗುತ್ತದೆ. ಹೋರಿಯ ಪಕ್ಕ ಎತ್ತು ನಿಲ್ಲಿಸಿ ನೋಡಿದ ರೈತರಿಗೆ ಇದು ಹೊಸ ಸಂಗತಿಯೇನಲ್ಲ.

ಈಗ ಒಂದೇ ತಳಿಯ ಒಂದು ಹೆಣ್ಣು, ಒಂದು ಗಂಡು, ಒಂದು ಖಸ್ಸಿ, ಮೂರರ ಎಲುಬನ್ನು ಹೆಸರಿಲ್ಲದೆ ನನ್ನ ಮುಂದೆ ಇಟ್ಟಿದ್ದರೆ ಏನಾಗುತ್ತಿತ್ತು? ಹಳೇ ವಿಡಿಯೊದ ಧಾಟಿಯಲ್ಲಿ ಮೂರು ತಳಿ ಅಂತ ಹೇಳಿಬಿಡುತ್ತಿದ್ದೆ.

ಡಾಕ್ಟ್ರ ನಾಲ್ಕು ಪ್ರಶ್ನೆಗೆ ನಾನು ಇನ್ನೆರಡು ಸೇರಿಸ್ತೀನಿ: ಮೇವು ಮತ್ತು ದುಡಿಮೆ. ಎಳವೆಯಲ್ಲಿ ಹಸಿದು ಬೆಳೆದದ್ದು ಕುಳ್ಳಗಾಗುತ್ತದೆ. ಬರಗಾಲದ ವರ್ಷ ಹುಟ್ಟಿದ ಕರುವಿಗೂ ಒಳ್ಳೆ ಮಳೆಯ ವರ್ಷ ಹುಟ್ಟಿದ ಕರುವಿಗೂ ತಳಿ ಒಂದೇ, ಎಲುಬು ಬೇರೆ. ದುಡಿಮೆಯೂ ಗುರುತು ಬಿಡುತ್ತದೆ. ರೊಮೇನಿಯಾದ ದುಡಿಯುವ ಎತ್ತುಗಳ ಕಾಲೆಲುಬುಗಳನ್ನು ಪರೀಕ್ಷಿಸಿ 1997ರಲ್ಲಿ ಬಾರ್ತೊಸಿಯೆವಿಚ್ ಮತ್ತು ಸಂಗಡಿಗರು ಒಂದು ಪುಸ್ತಕವನ್ನೇ ಬರೆದರು. ವರ್ಷಗಟ್ಟಲೆ ಭಾರ ಎಳೆದ ಎತ್ತಿನ ಕಾಲಿನ ಕೀಲುಗಳು ಅಗಲವಾಗುತ್ತವೆ, ಅಂಚಿನಲ್ಲಿ ಹೊಸ ಎಲುಬು ಬೆಳೆಯುತ್ತದೆ. ಅದು ಯಾವ ತಳಿಯ ಗುಣವೂ ಅಲ್ಲ, ನೊಗದ ಗುರುತು.

ಹಾಗಾದ್ರೆ ತಳಿ ಎಲ್ಲಿ ಕಾಣುತ್ತೆ?

ಇಷ್ಟೆಲ್ಲ ಸಿಪ್ಪೆ ಸುಲಿದ ಮೇಲೆ ಏನಾದರೂ ಉಳಿಯುತ್ತಾ? ಉಳಿಯುತ್ತದೆ. ಒಂದು ಎಲುಬಿನಲ್ಲಲ್ಲ, ಎಲುಬುಗಳ ರಾಶಿಯಲ್ಲಿ. ಒಂದೇ ಲಿಂಗದ, ಬೆಳವಣಿಗೆ ಮುಗಿದ, ಒಂದೇ ಕಾಲಿನ ಹತ್ತಾರು ಎಲುಬುಗಳನ್ನು ಅಳೆದು, ಉದ್ದವನ್ನು ಒಂದು ಕಡೆ, ಅಗಲವನ್ನು ಇನ್ನೊಂದು ಕಡೆ ಇಟ್ಟು ಚುಕ್ಕೆ ಹಾಕುತ್ತಾ ಹೋದರೆ, ಒಂದು ತಳಿಯ ಚುಕ್ಕೆಗಳು ಒಂದು ಗುಂಪಾಗಿ, ಇನ್ನೊಂದರದು ಇನ್ನೊಂದು ಗುಂಪಾಗಿ ಕಾಣತೊಡಗುತ್ತವೆ. ಗುಂಪುಗಳು ಅಂಚಿನಲ್ಲಿ ಒಂದರ ಮೇಲೊಂದು ಹತ್ತಿಕೊಳ್ಳೋದೂ ಇರುತ್ತದೆ. ಆ ಅಂಚಿನಲ್ಲಿ ಬಿದ್ದ ಒಂಟಿ ಎಲುಬಿಗೆ ಹೆಸರು ಕೊಡೋಕೆ ಯಾರಿಂದಲೂ ಆಗದು.

ತಳಿಗಳ ನಡುವಿನ ದೂರ ಎಲ್ಲ ಕಡೆ ಒಂದೇ ಅಲ್ಲ. ಮಲೆನಾಡು ಗಿಡ್ಡ ಸುಮಾರು 90 ಸೆಂ.ಮೀ. ಎತ್ತರದ ದನ. ಸೊಲ್ಲಾಪುರ, ಸಾಂಗ್ಲಿ, ವಿಜಯಪುರ ಕಡೆಯ ಖಿಲಾರಿ ಎತ್ತು 140 ಸೆಂ.ಮೀ. ಹತ್ತಿರ ಹೋಗುತ್ತದೆ. ದನದ ಮೆಟಕಾರ್ಪಲ್‌ಗೆ ಗುಣಕ ಹೆಚ್ಚುಕಮ್ಮಿ 6 ಅಂತ ಹಿಡಿದರೆ ಒಂದರ ಎಲುಬು 15 ಸೆಂ.ಮೀ., ಇನ್ನೊಂದರದು 23 ಸೆಂ.ಮೀ. ಇದನ್ನು ಮಗು ಕೂಡ ಬೇರೆ ಮಾಡುತ್ತದೆ. ಆದರೆ ಹಳ್ಳಿಕಾರ್ ಮತ್ತು ಖಿಲಾರಿ? ಎರಡೂ ಮೈಸೂರು ಗುಂಪಿಗೆ ಸೇರಿದ, ಬಳಗದ ತಳಿಗಳು. ಅಲ್ಲಿ ಎಲುಬು ಅಷ್ಟು ಸುಲಭವಾಗಿ ಬಾಯಿ ಬಿಡೋದಿಲ್ಲ.

ಇನ್ನೂ ಒಂದು ಮಾತು. ತಳಿ ಅನ್ನೋದು ಪ್ರಕೃತಿ ಕೊಟ್ಟ ಗೆರೆ ಅಲ್ಲ, ಮನುಷ್ಯರು ಎಳೆದದ್ದು. ಕೃಷ್ಣಾ ಕಣಿವೆ ತಳಿಯನ್ನು ನೋಡಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ಸಾಂಗ್ಲಿ, ಮಿರಜ್, ಜಮಖಂಡಿ ಮೊದಲಾದ ಸಂಸ್ಥಾನಗಳ ಅರಸರು ಕೃಷ್ಣಾ ತೀರದ ಎರೆಮಣ್ಣಿನಲ್ಲಿ ಉಳೋಕೆ ಬಲವಾದ ಎತ್ತು ಬೇಕು ಅಂತ ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಮೈಸೂರು ಕಡೆಯ ದನಗಳನ್ನು ಸೇರಿಸಿ ಬೆಳೆಸಿದ ತಳಿ ಅದು. ಹಾಗಾಗಿ ಕೃಷ್ಣಾ ತೀರದಲ್ಲಿ 3000 ವರ್ಷ ಹಳೆಯ ದೊಡ್ಡ ದನದ ಎಲುಬು ಸಿಕ್ಕರೆ ಅದು ಕೃಷ್ಣಾ ಕಣಿವೆ ತಳಿ ಆಗೋಕೆ ಸಾಧ್ಯವೇ ಇಲ್ಲ. ಆ ತಳಿ ಆಗ ಹುಟ್ಟಿರಲೇ ಇಲ್ಲ. ನಮ್ಮೂರ ತಳಿ ಸಾವಿರಾರು ವರ್ಷ ಹಳೆಯದು ಅಂತ ಹೇಳುವ ಪೋಸ್ಟುಗಳನ್ನು ನೋಡಿದಾಗ ಇದನ್ನು ನೆನಪಿಟ್ಟುಕೊಳ್ಳಿ. ದನ ಹಳೆಯದು ನಿಜ. ತಳಿಯ ಹೆಸರು ಅಷ್ಟು ಹಳೆಯದಿರಬೇಕು ಅಂತಿಲ್ಲ.

ಹಳೇ ಎಲುಬು ನಮಗೆ ಏನು ಹೇಳಿದೆ?

ನಮ್ಮಲ್ಲಿ ಈ ಕೆಲಸಕ್ಕೆ ದಾರಿ ಹಾಕಿದವರಲ್ಲಿ ಒಬ್ಬರು ಧಾರವಾಡದ ಪಶುವೈದ್ಯ ಡಾ. ಕೆ. ಆರ್. ಆಲೂರ. ಹಳ್ಳೂರು, ಟಿ. ನರಸೀಪುರ ಮೊದಲಾದ ಕರ್ನಾಟಕದ ಪ್ರಾಚೀನ ನೆಲೆಗಳಲ್ಲಿ ಸಿಕ್ಕ ಪ್ರಾಣಿ ಎಲುಬುಗಳನ್ನು ಅವರು ಗುರುತಿಸಿ ವರದಿ ಬರೆದರು. ತುಂಗಭದ್ರಾ ದಂಡೆಯ ಹಳ್ಳೂರನ್ನು ಅಗೆದವರು ಎಂ. ಎಸ್. ನಾಗರಾಜರಾವ್. ಅಲ್ಲಿ ಕುದುರೆಯ ಎಲುಬು ಇದೆ ಅಂತ ಆಲೂರರು ಗುರುತಿಸಿದಾಗ ಅದು ಆರ್ಯರ ಆಗಮನದ ವಾದದವರೆಗೂ ಹೋಗಿ ದೊಡ್ಡ ಚರ್ಚೆಯಾಯಿತು. ಕೈಬೆರಳೆಣಿಕೆಯ ಎಲುಬುಗಳ ಮೇಲೆ ಎಷ್ಟು ದೊಡ್ಡ ಇತಿಹಾಸದ ಭಾರ ಬೀಳಬಹುದು ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಮುಂಬಯಿಯಿಂದ ಘಟ್ಟ ಹತ್ತಿದರೆ ಪುಣೆ. ಅಲ್ಲಿನ ಡೆಕ್ಕನ್ ಕಾಲೇಜು ಈ ವಿದ್ಯೆಗೆ ದೇಶದಲ್ಲೇ ದೊಡ್ಡ ಕೇಂದ್ರ. ಘೋಡ್ ನದಿ ದಂಡೆಯ ಇನಾಮಗಾಂವ್‌ನಲ್ಲಿ 1968ರಲ್ಲಿ ಶುರುವಾದ ಉತ್ಖನನದಲ್ಲಿ ಸಿಕ್ಕ ಪ್ರಾಣಿ ಎಲುಬುಗಳ ಮೇಲೆ ಪಿ. ಕೆ. ಥಾಮಸ್ ಕೆಲಸ ಮಾಡಿದರು. ಆಮೇಲೆ ಪಿ. ಪಿ. ಜೋಗಳೇಕರ್ ಆ ಪರಂಪರೆ ಮುಂದುವರಿಸಿದರು. ಇನ್ನೂ ಆಚೆ, ಬಲೂಚಿಸ್ತಾನದ ಮೆಹರ್‌ಗಢದಲ್ಲಿ ರಿಚರ್ಡ್ ಮೆಡೋ ಎಲುಬುಗಳನ್ನು ಅಳೆದು, ಕೆಳಗಿನ ಹಳೆಯ ಪದರದಿಂದ ಮೇಲಿನ ಪದರಕ್ಕೆ ಬರುತ್ತಾ ದನಗಳ ಗಾತ್ರ ಕುಗ್ಗಿದ್ದನ್ನು ತೋರಿಸಿದರು. ಪಳಗಿಸಿದ್ದರ ಗುರುತುಗಳಲ್ಲಿ ಅದೂ ಒಂದು. ಗಮನಿಸಿ, ಅವರು ತಳಿಯ ಹೆಸರು ಹೇಳಲಿಲ್ಲ. ಗಾತ್ರ ಯಾವ ಕಾಲದಲ್ಲಿ ಯಾವ ಕಡೆಗೆ ಸರಿಯಿತು ಅಂತ ಹೇಳಿದರು. ಎಲುಬು ಪ್ರಾಮಾಣಿಕವಾಗಿ ಹೇಳಬಲ್ಲ ಮಾತು ಅದು.

ಇಲ್ಲೊಂದು ಎಚ್ಚರಿಕೆ. ನಾನು ಮೇಲೆ ಬಳಸಿದ 5.75, 4.89, 6 ಇವೆಲ್ಲ ಯುರೋಪಿನ ಪ್ರಾಣಿಗಳನ್ನು ಅಳೆದು ಮಾಡಿದ ಗುಣಕಗಳು. ನಮ್ಮ ಡುಬ್ಬದ ದನದ ಮೈಕಟ್ಟು ಬೇರೆ, ಕಾಲು ಉದ್ದ. ಡೆಕ್ಕನಿ ಕುರಿ ಜರ್ಮನಿಯ ಕುರಿಯಲ್ಲ. ಹಾಗಾಗಿ ಆ ಗುಣಕದಿಂದ ಬಂದ ಎತ್ತರವನ್ನು ಅಂದಾಜು ಅಂತ ಮಾತ್ರ ತಗೊಳ್ಳಿ. ನಮ್ಮ ಪ್ರಾಣಿಗೆ ಸರಿಹೊಂದುವ ಗುಣಕ ಬೇಕಾದರೆ, ಬದುಕಿದ್ದಾಗ ಎತ್ತರ ಅಳೆದು, ಸತ್ತ ಮೇಲೆ ಅದೇ ಪ್ರಾಣಿಯ ಎಲುಬು ಅಳೆದಿರಬೇಕು. ಒಂದೆರಡಲ್ಲ, ಪ್ರತಿ ತಳಿಯಲ್ಲೂ ಹತ್ತಾರು.

ಮುಂಬಯಿ ಯಾಕೆ?

ಲಂಡನ್ನಿನಲ್ಲಿ ಒಂದು ಸೊಗಸಾದ ಕೆಲಸ ಆಗಿದೆ. ಆ ಊರಿನ ನೂರಕ್ಕೂ ಹೆಚ್ಚು ಉತ್ಖನನಗಳಲ್ಲಿ ಸಿಕ್ಕ, 1220ರಿಂದ 1900ರವರೆಗಿನ ಕಾಲದ ದನ, ಕುರಿ, ಹಂದಿ, ಕೋಳಿಗಳ ಎಲುಬಿನ ಅಳತೆಗಳನ್ನೆಲ್ಲ ಒಟ್ಟು ಮಾಡಿ ರಿಚರ್ಡ್ ಥಾಮಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಜಾನುವಾರು ದೊಡ್ಡದಾದದ್ದು 18ನೇ ಶತಮಾನದಲ್ಲಿ, ರಾಬರ್ಟ್ ಬೇಕ್‌ವೆಲ್‌ನಂಥ ತಳಿಗಾರರಿಂದ ಅಂತ ಪಾಠಪುಸ್ತಕಗಳಲ್ಲಿ ಓದುತ್ತೇವೆ. ಬದಲಾವಣೆ ಅದಕ್ಕಿಂತ ಶತಮಾನಗಳ ಮೊದಲೇ ಶುರುವಾಗಿತ್ತು ಅಂತ ಎಲುಬುಗಳು ತೋರಿಸಿದವು. ಹೆಸರು ಉಳಿಯದ ರೈತರು ಮಾಡಿದ ಕೆಲಸಕ್ಕೆ ಊರಿನ ಕಸವೇ ಸಾಕ್ಷಿ ಹೇಳಿತು.

ಯಾಕೆ ಲಂಡನ್? ದೊಡ್ಡ ಊರು ಇಡೀ ದೇಶದ ಪ್ರಾಣಿಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದೇ ಮಾತು ನಮ್ಮ ಊರಿಗೂ ಹೊಂದುತ್ತದೆ. ದೇವನಾರ್ ಸಂತೆಗೆ ರಾಜಸ್ಥಾನದಿಂದ ಸಿರೋಹಿ ಬರುತ್ತದೆ, ಮರಾಠವಾಡದಿಂದ ಕಪ್ಪು ಉಸ್ಮಾನಾಬಾದಿ, ಉತ್ತರಪ್ರದೇಶದ ಕಡೆಯಿಂದ ಜಮ್ನಾಪಾರಿ. ಆರೆ ಕಾಲೊನಿಯ ತಬೇಲಾಗಳಲ್ಲಿ ಹರಿಯಾಣದ ಮುರ್‍ರಾ, ಸೌರಾಷ್ಟ್ರದ ಜಾಫರಾಬಾದಿ ಎಮ್ಮೆಗಳಿವೆ. ಪರೇಲ್‌ನಲ್ಲಿ 1886ರಿಂದ ಪಶುವೈದ್ಯಕೀಯ ಕಾಲೇಜಿದೆ. ತರತರದ ಪ್ರಾಣಿ ಬರುವ ಸಂತೆ ಒಂದು ಕಡೆ, ಎಲುಬು ಓದಬಲ್ಲವರು ಇನ್ನೊಂದು ಕಡೆ, ನಡುವೆ ಲೋಕಲ್ ಟ್ರೈನ್ ದೂರ ಅಷ್ಟೇ.

ಆದರೆ ಒಂದು ಕೊಂಡಿ ಕಳಚಿಹೋಗುತ್ತದೆ. ಸಂತೆಯಲ್ಲಿ "ಸಿರೋಹಿ" ಅನ್ನೋದು ಎಷ್ಟೋ ಸಲ ಮಾರುವವರ ಮಾತು. ಹೆಸರಿಗೆ ಬೆಲೆ ಇದೆ, ಆದ್ದರಿಂದ ಹೆಸರು ಹತ್ತುತ್ತದೆ. ಈಗ ಜಾನುವಾರುಗಳ ಕಿವಿಗೆ 12 ಅಂಕಿಯ ಬಿಲ್ಲೆ ಹಾಕುತ್ತಾರೆ. ಆ ಅಂಕಿಯ ಹಿಂದೆ ಊರು, ಲಿಂಗ, ವಯಸ್ಸು, ತಳಿ ಎಲ್ಲ ಇರಬೇಕು. ಪ್ರಾಣಿ ಕಡಿದಾಗ ಕಿವಿ ಒಂದು ಕಡೆ ಹೋಗುತ್ತದೆ, ಕಾಲು ಇನ್ನೊಂದು ಕಡೆ. ಆ ಕ್ಷಣದಿಂದ ಎಲುಬಿಗೆ ಹೆಸರಿಲ್ಲ. ಆಮೇಲೆ ಎಷ್ಟೇ ಚೆನ್ನಾಗಿ ಅಳೆದರೂ ಅದು ಅನಾಮಧೇಯ ಎಲುಬೇ.

ಡಿಎನ್‌ಎ ಇರುವಾಗ ಇದೆಲ್ಲ ಯಾಕೆ ಅಂತ ಕೇಳ್ತೀರಿ. ಡಿಎನ್‌ಎ ವಂಶ ಹೇಳುತ್ತದೆ, ಅದು ಬೇಕೇ ಬೇಕು. ಆದರೆ ಆ ಪ್ರಾಣಿ ಎಷ್ಟು ಎತ್ತರ ಬೆಳೆಯಿತು, ನೊಗ ಹೊತ್ತಿತೇ, ಹಸಿದಿತ್ತೇ, ಇದನ್ನು ನೇರವಾಗಿ ನೋಡಬೇಕಾದ್ದು ಎಲುಬಿನಲ್ಲೇ. ಕೃಷ್ಣಾ ಕಣಿವೆಯಂಥ ತಳಿಗಳು ಟ್ರ್ಯಾಕ್ಟರ್ ಬಂದ ಮೇಲೆ ಕೆಲಸ ಕಳೆದುಕೊಂಡು ಕಡಿಮೆಯಾಗುತ್ತಾ ಹೋಗಿವೆ. ಎರೆಮಣ್ಣಿನಲ್ಲಿ ನಿಜವಾಗಿ ನೇಗಿಲು ಎಳೆದ ಕೃಷ್ಣಾ ಕಣಿವೆ ಎತ್ತಿನ ಕಾಲೆಲುಬು ಇನ್ನೈವತ್ತು ವರ್ಷಕ್ಕೆ ಬೇಕು ಅಂದರೆ ಎಲ್ಲಿಂದ ತರೋದು? ಆಗ ವೀರ್ಯದ ಕಡ್ಡಿ ಇರಬಹುದು, ಡಿಎನ್‌ಎ ಇರಬಹುದು. ದುಡಿದ ಎತ್ತು ಇರುವುದಿಲ್ಲ.

ನಾನೀಗ ಏನು ಮಾಡ್ತಿದ್ದೀನಿ

ಹಳೇ ವಿಡಿಯೊ ತೆಗೆದುಹಾಕಿಲ್ಲ. ಅದರ ಮೇಲೆ ತಿದ್ದುಪಡಿ ಹಾಕಿ ಇಲ್ಲಿಗೆ ಕೊಂಡಿ ಕೊಟ್ಟಿದ್ದೀನಿ. ಆ ಎರಡು ಎಲುಬುಗಳ ಮೇಲೆ ಅಂಟಿಸಿದ್ದ "ಸಿರೋಹಿ", "ಉಸ್ಮಾನಾಬಾದಿ" ಚೀಟಿ ಕಿತ್ತು, ಬೇರೆ ಚೀಟಿ ಬರೆದೆ: "ಮುಂಬಯಿ ಅಂಗಡಿ. ಒಂದು ಮುಂಗಾಲು, ಒಂದು ಹಿಂಗಾಲು. ಕೆಳತುದಿ ಕೂಡಿಲ್ಲ. ಲಿಂಗ, ತಳಿ ತಿಳಿಯದು." ಡಾಕ್ಟ್ರಿಗೆ ಫೋಟೊ ಕಳಿಸಿದೆ. "ಈಗ ಇದು ಉಪಯೋಗಕ್ಕೆ ಬರುತ್ತೆ" ಅಂತ ಉತ್ತರ ಬಂತು.

ನಿಮ್ಮಲ್ಲಿ ಯಾರಾದರೂ ಊರಲ್ಲಿ ಆಡು, ಕುರಿ, ದನ ಸಾಕಿದ್ದರೆ ಒಂದು ಸಣ್ಣ ಕೆಲಸ. ಪ್ರಾಣಿ ಬದುಕಿರುವಾಗಲೇ ಸಮನೆಲದಲ್ಲಿ ನಿಲ್ಲಿಸಿ ಹೆಗಲಿನ ಎತ್ತರ ಅಳೆದು ಬರೆದಿಡಿ. ಅದರ ಪಕ್ಕ ಊರು, ಹುಟ್ಟಿದ ತಿಂಗಳು, ಗಂಡೋ ಹೆಣ್ಣೋ, ಬೀಜ ಒಡೆಸಿದ್ದರೆ ಯಾವಾಗ, ದುಡಿಸಿದ್ದರೆ ಎಷ್ಟು ವರ್ಷ, ಇಷ್ಟು ಬರೆದಿಡಿ. ತಳಿಯ ಹೆಸರು ಗೊತ್ತಿದ್ದರೆ ಕೊನೆಯಲ್ಲಿ ಬರೆಯಿರಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅಂತಲೇ ಬರೆಯಿರಿ, ಅದರಲ್ಲಿ ನಾಚಿಕೆ ಏನಿಲ್ಲ.

ಮುಂದಿನ ವಾರ ಎಮ್ಮೆ ಮತ್ತು ದನದ ಕಾಲೆಲುಬನ್ನು ಅಕ್ಕಪಕ್ಕ ಇಟ್ಟು ನೋಡೋಣ. ಈ ಸಲ ಎರಡೂ ಮುಂಗಾಲೇ ಅಂತ ಮೊದಲೇ ಖಾತ್ರಿ ಮಾಡಿಕೊಂಡು ಬರ್ತೀನಿ.